ತೊಗಲು ಬಿಡಿ ಎನ್ನುವ ಮುನ್ನ

ಶಹಾಪುರದ ಓದುಗರೊಬ್ಬರು ಬರೆದಿದ್ದಾರೆ: ‘ಚರ್ಮ ಹದಮಾಡುವ ಉದ್ಯೋಗ ನದಿಗಳನ್ನು ಹಾಳುಗೆಡವುತ್ತಿದೆ. ನಾನು ತೊಗಲಿನ ಚಪ್ಪಲಿ ಬಿಟ್ಟು ರೆಕ್ಸಿನ್ ಚಪ್ಪಲಿ ಮೆಟ್ಟುತ್ತಿದ್ದೇನೆ. ನಿಮ್ಮ ಪತ್ರಿಕೆಯೂ ಇದನ್ನೇ ಏಕೆ ಹೇಳಬಾರದು?’

ನಿಮ್ಮ ಕಳಕಳಿಗೆ ಆಧಾರವಿದೆ. ತಮಿಳುನಾಡಿನ ಪಾಲಾರ್ ದಂಡೆಯ ಚರ್ಮದ ಕಾರ್ಖಾನೆಗಳ ಕುರಿತು ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ತೀರ್ಪಿನಲ್ಲಿ, ಸುಮಾರು 35,000 ಹೆಕ್ಟೇರ್ ಹೊಲ ಭಾಗಶಃವೋ ಪೂರ್ತಿಯೋ ಬೇಸಾಯಕ್ಕೆ ಬಾರದಂತಾಗಿದೆ ಎಂಬ ಸಮೀಕ್ಷೆಯ ಉಲ್ಲೇಖವಿದೆ. ಇದನ್ನು ಒಪ್ಪುತ್ತಲೇ, ನೀವು ತಪ್ಪು ಹೊರಿಸಿದ ಜಾಗ ಸರಿಯಲ್ಲವೆಂದು ಹೇಳಬೇಕಾಗಿದೆ.

ಆಳಂದ ಸೀಮೆಯ ನಮ್ಮೂರಿನಲ್ಲಿ ತೊಗಲು ಹದಮಾಡುವ ಅಜ್ಜ ಒಬ್ಬರಿದ್ದರು. ಸುಣ್ಣದ ಗುಂಡಿಯಲ್ಲಿ ನೆನೆಸಿ ಕೂದಲು ಹೆರೆದ ತೊಗಲನ್ನು ಚೀಲದಂತೆ ಹೊಲಿದು, ಬೇವಿನ ಕೊಂಬೆಗೆ ತೂಗುಹಾಕಿ, ಜಜ್ಜಿದ ತಂಗಡಿ ಮತ್ತು ಜಾಲಿಯ ತೊಗಟೆಯನ್ನು ಅದರಲ್ಲಿ ತುಂಬಿ ನೀರು ಹೊಯ್ಯುತ್ತಿದ್ದರು. ಹೊಲಿಗೆಯ ಸಂದಿನಿಂದ ಚಹಾದ ಬಣ್ಣದ ಒಗರು ನೀರು ತೊಟ್ಟಿಕ್ಕುತ್ತಿತ್ತು; ಕೆಳಗಿನ ಗಡಿಗೆ ತುಂಬಿದೊಡನೆ ಅದನ್ನೇ ಮತ್ತೆ ಚೀಲಕ್ಕೆ ಸುರಿಯುತ್ತಿದ್ದರು. ವಾರಗಳು ಕಳೆದ ಮೇಲೆ ಅಂಚನ್ನು ಕೊಯ್ದು ನಮಗೆ ತೋರಿಸುತ್ತಿದ್ದರು: ನಡುವೆ ಬಿಳಿ ಗೆರೆ ಉಳಿದಿದ್ದರೆ ಇನ್ನೂ ಹದ ಬಂದಿಲ್ಲವೆಂದೇ ಲೆಕ್ಕ. ನಾತವಿತ್ತು, ಸುಣ್ಣದ ರಾಡಿಯೂ ಇತ್ತು, ಆದರೆ ಊರಿನ ಬಾವಿ ಕೆಡಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಕ್ರೋಮಿಯಂ ಲವಣದ ವಿಧಾನ ಆ ವಾರಗಳ ಕೆಲಸವನ್ನು ಒಂದೆರಡು ದಿನಕ್ಕೆ ಇಳಿಸಿತು. ಸಾಮಾನ್ಯ ಪದ್ಧತಿಯಲ್ಲಿ ತೊಗಲು ಹೀರಿಕೊಳ್ಳುವುದು ಹಾಕಿದ ಕ್ರೋಮಿಯಂನ ಶೇ 60ರಿಂದ 70ರಷ್ಟನ್ನು ಮಾತ್ರ. ಉಳಿದದ್ದು ನೀರಿನೊಡನೆ ಹೊರಬೀಳುತ್ತದೆ. ದೂರದ ಕಾರ್ಖಾನೆಗೆ ಕಳಿಸುವ ತೊಗಲು ಕೊಳೆಯದಿರಲೆಂದು ಮೆತ್ತುವ ಉಪ್ಪಿನದು ಇನ್ನೊಂದು ಕಾಟ. ತೊಳೆದಾಗ ಕರಗಿ ಹೋಗುವ ಆ ಉಪ್ಪನ್ನು ಸಾಮಾನ್ಯ ಶುದ್ಧೀಕರಣ ಘಟಕಗಳು ತೆಗೆಯಲಾರವು, ಹೊಲದ ಮಣ್ಣು ಅದನ್ನು ತಾಳಲಾರದು. ಅಗ್ಗದ ಮಾಲು ಬೇಗ ಬೇಕೆಂದ ಪೇಟೆ ಈ ದಾರಿ ಹಿಡಿಸಿತು; ಹೆಸರು ಕೆಟ್ಟದ್ದು ಮಾತ್ರ ತೊಗಲು ಮುಟ್ಟಿದವರದು.

ಇನ್ನು ನಿಮ್ಮ ರೆಕ್ಸಿನ್. ಅದು ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್. ಮಣ್ಣಿನಲ್ಲಿ ಕೊಳೆಯುವುದಿಲ್ಲ, ಸುಟ್ಟರೆ ವಿಷದ ಹೊಗೆ ಏಳುತ್ತದೆ. ನೀವು ಚಪ್ಪಲಿ ಬದಲಿಸಿದ ಮಾತ್ರಕ್ಕೆ ದನಗಳು ಸಾಯುವುದು ನಿಲ್ಲುವುದಿಲ್ಲ. ಹದವಾಗದ ತೊಗಲು ಹಳ್ಳದ ದಂಡೆಯಲ್ಲಿ ಕೊಳೆಯುತ್ತದೆ, ಅಷ್ಟೇ.

ನನ್ನ ನೋವು ಬೇರೆಯೇ ಇದೆ. ತೊಗಲಿನ ಕಾಯಕದ ಶರಣರಾದ ಹರಳಯ್ಯನವರೂ ಡೋಹರ ಕಕ್ಕಯ್ಯನವರೂ ಬಾಳಿದ ಕಲ್ಯಾಣ ನಮ್ಮ ಬೀದರ್ ಜಿಲ್ಲೆಯಲ್ಲೇ ಇದೆ. ಅವರ ಜಯಂತಿಗೆ ಹಾರ ಹಾಕುವ ನಾವು ಅವರ ಕಾಯಕವನ್ನು ವಿದ್ಯೆಯೆಂದು ಒಮ್ಮೆಯೂ ಎಣಿಸಲಿಲ್ಲ. ಅದರ ಹೆಸರನ್ನು ಬೈಗುಳವಾಗಿಸಿದೆವು. ರಸ್ತೆಬದಿಯಲ್ಲಿ ತಂಗಡಿ ಇಂದಿಗೂ ಹಳದಿ ಹೂ ಹೊತ್ತು ನಿಂತಿದೆ, ಅದರ ತೊಗಟೆಯ ಹದ ಬಲ್ಲವರು ನಮ್ಮೂರಿನಲ್ಲಿ ಉಳಿದಿಲ್ಲ. ಆ ಅಜ್ಜನ ಮೊಮ್ಮಗ ಈಗ ಕಲಬುರಗಿಯ ಬಸ್ ನಿಲ್ದಾಣದ ಹತ್ತಿರ ಕುಳಿತು ಹರಿದ ರೆಕ್ಸಿನ್ ಚಪ್ಪಲಿಗಳಿಗೆ ಅಂಟು ಹಚ್ಚುತ್ತಾನೆ. ಹೊಲಿಗೆ ಏಕೆ ಹಾಕುವುದಿಲ್ಲವೆಂದು ಕೇಳಿದೆ. ‘ದಾರ ಹಿಡಿಯೂದಿಲ್ರಿ, ಸೂಜಿ ಚುಚ್ಚಿದಲ್ಲೇ ಹರೀತದ’ ಎಂದ.