ಮೊದಲ ಕಿಲ್ಟ್: ಕಡಿಮೆ ದುಡ್ಡಲ್ಲಿ ಯಾವುದು?

ಗ್ಲಾಸ್ಗೋದಲ್ಲಿ ಗೆಳೆಯನ ಮದುವೆ, ಕೈಯಲ್ಲಿರುವುದು ಕಡಿಮೆ ದುಡ್ಡು, ಆನ್‌ಲೈನಿನಲ್ಲಿ ಕಾಣುವ ಎಂಟು ಗಜ ಬಟ್ಟೆಯದೆಂದು ಮಾರುವ ಅಗ್ಗದ ಅಕ್ರಿಲಿಕ್ (ಕೃತಕ ನೂಲಿನ) ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ಲಂಗ, ಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅಕ್ರಿಲಿಕ್ಕಿನಲ್ಲಿ ನೆರಿಗೆ ನಿಲ್ಲುವುದಿಲ್ಲ, ಕೂತು ಎದ್ದಕಡೆಯೆಲ್ಲ ಗುಂಜು ಏಳುತ್ತದೆ. ಎಷ್ಟು ಗಜ ಅನ್ನುವುದಕ್ಕಿಂತ ಯಾವ ಬಟ್ಟೆ ಅನ್ನುವುದೇ ಮುಖ್ಯ.

ನನ್ನ ಮೊದಲ ಆಯ್ಕೆ, ಸ್ಕಾಟ್ಲೆಂಡಿನ ಬಾಡಿಗೆ ಅಂಗಡಿಗಳು ಬಳಸಿ ಮಾರುವ ಉಣ್ಣೆಯ ಕಿಲ್ಟ್. ಗಜಕ್ಕೆ 13 ಔನ್ಸ್ ತೂಗುವ ಬಟ್ಟೆ ಮದುವೆಗೂ ದಿನಬಳಕೆಗೂ ಸಾಕು. 16 ಔನ್ಸ್ ಚೆನ್ನಾಗಿ ಇಳಿಬೀಳುತ್ತದೆ, ಆದರೆ ಭಾರ, ಬೆಲೆಯೂ ಹೆಚ್ಚು. ಕೊಳ್ಳುವ ಮುನ್ನ ಬೆಳಕಿಗೆ ಹಿಡಿದು ನುಸಿ ತಿಂದ ತೂತು ನೋಡಿ, ಪಟ್ಟಿ-ಬಕಲ್‌ಗಳ ಹೊಲಿಗೆ ಎಳೆದು ನೋಡಿ. ಉಣ್ಣೆ ಸಿಗದಿದ್ದರೆ ಪಾಲಿವಿಸ್ಕೋಸ್‌ನ (ಪಾಲಿಯೆಸ್ಟರ್-ವಿಸ್ಕೋಸ್ ಮಿಶ್ರ ಬಟ್ಟೆಯ) ಐದು ಗಜದ್ದು ಪರವಾಗಿಲ್ಲ, ನೆರಿಗೆ ನಿಲ್ಲುತ್ತದೆ, ಒಗೆಯುವುದೂ ಸುಲಭ.

ಎಲ್ಲರೂ ಎಡವುವುದು ಅಳತೆಯಲ್ಲಿ. ಜೀನ್ಸ್ ಸೈಜ್ ಕೊಡಬೇಡಿ, ಅದು ಸೊಂಟದ ಕೆಳಗೆ ನಿಲ್ಲುವ ಬಟ್ಟೆ. ಕಿಲ್ಟ್ ಕೂರುವುದು ಹೊಕ್ಕುಳದ ಮಟ್ಟದಲ್ಲಿ. ಅಲ್ಲಿ ಸುತ್ತಳತೆ, ಪೃಷ್ಠದ ಅತಿ ಅಗಲದ ಜಾಗದಲ್ಲಿ ಇನ್ನೊಂದು, ಹೊಕ್ಕುಳದ ಮಟ್ಟದಿಂದ ಮಂಡಿಚಿಪ್ಪಿನ ನಡುವಿನವರೆಗೆ ಉದ್ದ. ನೀವೇ ಬಗ್ಗಿ ನೋಡಿದರೆ ಉದ್ದ ತಪ್ಪುತ್ತದೆ. ನೆಟ್ಟಗೆ ನಿಂತು ಬೇರೆಯವರಿಂದ ಅಳೆಸಿ.

ಹೊಸದಾದರೆ ನೆರಿಗೆಗೆ ಹಾಕಿರುವ ತಾತ್ಕಾಲಿಕ ಟಾಕಾ ದಾರ ಬಿಚ್ಚಿಯೇ ಉಡಿ. ಕಿಲ್ಟ್‌ನ ಮುಂಭಾಗದಲ್ಲಿ ಒಂದರ ಮೇಲೊಂದು ಎರಡು ಪದರ ಬರುತ್ತವೆ; ಅಲಂಕಾರದ ಪಿನ್ ಚುಚ್ಚುವುದು ಮೇಲಿನ ಪದರಕ್ಕೆ ಮಾತ್ರ. ಎರಡನ್ನೂ ಸೇರಿಸಿ ಚುಚ್ಚಿದರೆ ನಡೆಯುವಾಗ ಎಳೆದು ಬಟ್ಟೆ ಹರಿಯುತ್ತದೆ.