ಮೂರಕ್ಷರದ ‘ಸೆಟ್’: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ತಿಪಟೂರು ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗಳು ಎಂಟನೇ ತರಗತಿ, ಕನ್ನಡ ಮಾಧ್ಯಮ. ಇಂಗ್ಲಿಷ್ ಪಾಠದಲ್ಲಿ ಬಂದ ‘ಸೆಟ್’ ಎಂಬ ಪದಕ್ಕೆ ಅರ್ಥ ನೋಡಲು ನಿಘಂಟು ತೆಗೆದಳಂತೆ. ಪುಟ ಮುಗಿಯಿತು, ಅರ್ಥ ಮುಗಿಯಲಿಲ್ಲ. ‘ಅಮ್ಮಾ, ಸೂರ್ಯ ಮುಳುಗಿದ್ರೂ ಸೆಟ್, ಅಲಾರಂ ಇಟ್ರೂ ಸೆಟ್, ಮೊಸರು ಗಟ್ಟಿಯಾದ್ರೂ ಸೆಟ್, ಹೋಟ್ಲಲ್ಲಿ ದೋಸೆನೂ ಸೆಟ್. ಯಾವುದನ್ನ ಬಾಯಿಪಾಠ ಮಾಡ್ಲಿ?’ ಅಂತ ಕೇಳಿದಳಂತೆ. ತಾಯಿ ಮುಂದೆ ಬರೆಯುತ್ತಾರೆ: ‘ನಾನು ಓದಿದ್ದು ಪಿಯುಸಿವರೆಗೆ, ಅದೂ ಕನ್ನಡದಲ್ಲೇ. ಇಂಗ್ಲಿಷಿಗೆ ಒಂದು ನೇಮವೇ ಇಲ್ಲವಾ? ಕನ್ನಡ ಮಾಧ್ಯಮದ ಮಕ್ಕಳಿಗೆ ಇದೆಲ್ಲ ತಲೆಗೆ ಹತ್ತಲ್ಲ ಅಂತ ಟ್ಯೂಷನ್ನಿನವರು ಹೇಳುತ್ತಾರೆ. ನಾನು ಹೇಗೆ ಹೇಳಿಕೊಡಲಿ? ಇನ್ನೊಂದು, ಮಾತೆತ್ತಿದರೆ “ಸೆಟ್ ಆಗಲ್ಲ” ಅನ್ನುತ್ತಾಳೆ. ಅದನ್ನು ಬಿಡಿಸಬೇಕಾ?’

ನಮಸ್ಕಾರ. ಟ್ಯೂಷನ್ನಿನ ಮಾತನ್ನು ದಯವಿಟ್ಟು ತಲೆಗೆ ಹಚ್ಚಿಕೊಳ್ಳಬೇಡಿ. ಮಗಳ ಕಿವಿಗೂ ಬೀಳದಂತೆ ನೋಡಿಕೊಳ್ಳಿ. ಈ ಪದ ಅರ್ಥವಾಗಲು ಬೇಕಾದ್ದು ಬಹುಪಾಲು ನಿಮ್ಮ ಮನೆಯ ಕನ್ನಡದಲ್ಲೇ ಇದೆ. ಅದನ್ನು ತೋರಿಸಬೇಕು ಅಂತಲೇ ಉತ್ತರ ಸ್ವಲ್ಪ ಉದ್ದ ಮಾಡುತ್ತಿದ್ದೇನೆ.

ನಿಮ್ಮ ಮಗಳು ಗಾಬರಿಯಾದದ್ದು ಸಹಜ. ಇಂಗ್ಲಿಷಿನ ಅತಿ ದೊಡ್ಡ ನಿಘಂಟು ಆಕ್ಸ್‌ಫರ್ಡ್‌ನವರದು. ಅದರ ಮೊದಲ ಕಂತು ಅಚ್ಚಾದದ್ದು 1884ರಲ್ಲಿ, ಕೊನೆಯ ಕಂತು 1928ರಲ್ಲಿ. 1989ರಲ್ಲಿ 20 ಸಂಪುಟಗಳ ಎರಡನೇ ಆವೃತ್ತಿ ಬಂತು. ಅಷ್ಟು ಸಂಪುಟಗಳಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ‘ಸೆಟ್’ ಕ್ರಿಯಾಪದಕ್ಕೇ. ಸುಮಾರು 60,000 ಪದಗಳ ವಿವರಣೆ ಅದು. ಬರೀ ‘ಸೆಟ್’ಗೇ 430 ಅರ್ಥ. ‘ಸೆಟ್ ಅಪ್’, ‘ಸೆಟ್ ಆಫ್’ ತರಹದ ಜೋಡಿ ಮಾತುಗಳೂ ಸೇರಿದರೆ 580ರ ಆಸುಪಾಸು. ಆಮೇಲೆ ಮೂರನೇ ಆವೃತ್ತಿಗೆ ಪದಗಳನ್ನು ಒಂದೊಂದಾಗಿ ತಿದ್ದುತ್ತಾ ಹೋದಂತೆ ಈ ದಾಖಲೆ ಕೈ ಬದಲಾಯಿಸಿತು. 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’, 2011ರಲ್ಲಿ 645 ಅರ್ಥಗಳೊಂದಿಗೆ ‘ರನ್’ ಮುಂದೆ ಹೋದವು. ಗಮನಿಸಿ, ಎಲ್ಲವೂ ಪುಟ್ಟ ಪದಗಳೇ. ಇಂಗ್ಲಿಷ್ ಮಾತಾಡುವವರು ಮನೆಯಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ದಿನವಿಡೀ ಬಳಸುವ ಪದಗಳು.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಗ್ಲಿಷಿನಲ್ಲಿ ‘ಸಿಟ್’ ಅಂದರೆ ಕೂರು. ‘ಸೆಟ್’ ಹುಟ್ಟಿದ್ದು ಅದರ ಪಕ್ಕದಲ್ಲೇ. ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಅಂದರೆ ಕೂರುವುದು, ‘ಸೆಟ್ಟನ್’ ಅಂದರೆ ಕೂರಿಸುವುದು. ಜರ್ಮನ್ ಭಾಷೆಯಲ್ಲಿ ಇವತ್ತಿಗೂ ‘ಜಿಟ್ಸನ್’, ‘ಜೆಟ್ಸನ್’ ಅಂತ ಈ ಜೋಡಿ ಉಳಿದಿದೆ. ನಮ್ಮಲ್ಲಿ ಕೂರು–ಕೂರಿಸು, ಏಳು–ಎಬ್ಬಿಸು, ಮಲಗು–ಮಲಗಿಸು ಇದ್ದ ಹಾಗೆ. ನಾವು ಕೊನೆಗೆ ‘ಇಸು’ ಸೇರಿಸುತ್ತೇವೆ, ಅವರು ಹಿಂದೊಮ್ಮೆ ನಡುವಿನ ಸ್ವರ ಬದಲಾಯಿಸುತ್ತಿದ್ದರು. ‘ಫಾಲ್’ ಬೀಳು, ‘ಫೆಲ್’ ಬೀಳಿಸು. ಮರ ಕಡಿದು ಉರುಳಿಸುವುದಕ್ಕೆ ಈಗಲೂ ಆ ‘ಫೆಲ್’ ಬಳಕೆಯಲ್ಲಿದೆ.

‘ಸೆಟ್’ ಅಂದರೆ ‘ಕೂರಿಸು’ ಅಂತ ಇಟ್ಟುಕೊಂಡು ನಿಘಂಟಿನ ಆ ಪುಟವನ್ನು ಮಗಳ ಜೊತೆ ಮತ್ತೊಮ್ಮೆ ನೋಡಿ. ಉಂಗುರಕ್ಕೆ ಹರಳು ಕೂರಿಸುವುದು ಸೆಟ್. ಮುರಿದ ಮೂಳೆ ಕೂರಿಸುವುದು ಸೆಟ್. ಕೋಳಿಯನ್ನು ಕಾವಿಗೆ ಕೂರಿಸುವುದಕ್ಕೂ ಇಂಗ್ಲಿಷಿನ ರೈತರು ಅದೇ ಪದ ಬಳಸುತ್ತಾರೆ. ನಿಮ್ಮ ಕಡೆ ಕೋಳಿ ಸಾಕಿದವರು ‘ಕಾವಿಗೆ ಕೂರ್ಸಿದ್ದೀವಿ’ ಅನ್ನುವುದನ್ನು ಅವಳು ಕೇಳಿಯೇ ಇರುತ್ತಾಳೆ. ಈ ಮೂರಕ್ಕೂ ಅವಳು ಬಾಯಿಪಾಠ ಮಾಡಬೇಕಾದ್ದು ಏನೂ ಇಲ್ಲ.

‘ಕೂರಿಸು’ ಹೊಂದದ ಕಡೆ ‘ಇಡು’ ಹಾಕಿ ನೋಡಲು ಹೇಳಿ. ಅಲಾರಂ ಇಡು. ಬೆಂಕಿ ಇಡು. ಒಂದು ಜಾಗಕ್ಕೆ ಕಾಲಿಡು. ಮದುವೆಗೆ ಮುಹೂರ್ತ ಇಡು. ಇಷ್ಟಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ಸಲ್ಲುತ್ತದೆ. ಆದರೆ ನಾವು ಹೆಸರನ್ನೂ ಇಡುತ್ತೇವೆ, ಕೋಳಿ ಮೊಟ್ಟೆಯನ್ನೂ ಇಡುತ್ತದೆ. ಅಲ್ಲಿಗೆ ಇಂಗ್ಲಿಷಿನ ‘ಸೆಟ್’ ಬರುವುದಿಲ್ಲ. ಎರಡು ಭಾಷೆಯ ಪದಗಳು ಅರ್ಧ ದಾರಿ ಜೊತೆಗೆ ನಡೆದು ಆಮೇಲೆ ಬೇರೆ ಬೇರೆಯಾಗುವುದು ಮಾಮೂಲಿ. ಎಲ್ಲಿ ಬೇರೆಯಾಗುತ್ತವೆ ಅನ್ನುವುದನ್ನು ಅವಳೇ ಕಂಡುಹಿಡಿಯಲಿ ಬಿಡಿ.

ಸೂರ್ಯ? ಅವನೂ ಕೂರುವವನೇ. ದಿನವೆಲ್ಲ ಮೇಲಿದ್ದವನು ಕೆಳಗಿಳಿದು ಕೂತ ಅನ್ನುವ ಚಿತ್ರ ಅದು. ನಾವು ನೀರನ್ನು ನೆನೆದು ‘ಮುಳುಗಿದ’ ಅಂದೆವು.

ಮೊಸರಿನ ಸೆಟ್ಟನ್ನು ಬಿಡಿಸಿ ಹೇಳಲು ಸಿಮೆಂಟನ್ನು ತೋರಿಸಿ. ಮನೆ ಕಟ್ಟುವ ಕಡೆ ಮೇಸ್ತ್ರಿ ‘ಸೆಟ್ ಆಗೋವರೆಗೂ ಯಾರೂ ಕಾಲಿಡ್ಬೇಡಿ’ ಅಂತ ಕೂಗುತ್ತಾರಲ್ಲ, ಅವರು ಆ ಪದವನ್ನು ತಪ್ಪಿಲ್ಲದೆ ಬಳಸುತ್ತಿದ್ದಾರೆ. ಕಲಸಿದ ಸಿಮೆಂಟ್ ಮೊದಲು ಹರಿದಾಡುತ್ತದೆ, ಕರಣೆ ಎಳೆದ ಕಡೆ ಬರುತ್ತದೆ. ಒಂದು ಹೊತ್ತಿನ ಮೇಲೆ ಇದ್ದಲ್ಲೇ ಕೂತುಬಿಡುತ್ತದೆ. ಆ ಕೂರುವುದೇ ‘ಸೆಟ್’. ಸಾಮಾನ್ಯ ಸಿಮೆಂಟಿನ ಪರೀಕ್ಷೆಯಲ್ಲಿ ಅದು 30 ನಿಮಿಷಕ್ಕಿಂತ ಮುಂಚೆ ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಬೇಕು ಅಂತ ನಮ್ಮ ದೇಶದ ಮಾನದಂಡವಿದೆ. ಬೇಗ ಸೆಟ್ ಆಗದಿರಲಿ ಅಂತಲೇ ಕಾರ್ಖಾನೆಯಲ್ಲಿ ಜಿಪ್ಸಂ ಸೇರಿಸುತ್ತಾರೆ. ಇಷ್ಟಾದರೂ ಸೆಟ್ ಆಗುವುದೇ ಬೇರೆ, ಗಟ್ಟಿಯಾಗುವುದೇ ಬೇರೆ. ಸೆಟ್ ಆದ ಮೇಲೂ ದಿನಗಟ್ಟಲೆ ನೀರು ಹಾಕಿ ಕ್ಯೂರಿಂಗ್ ಮಾಡುವುದು ಅದಕ್ಕೇ. ಶಕ್ತಿ ನಿಧಾನವಾಗಿ ಬರುತ್ತದೆ. 28 ದಿನದ ಹೊತ್ತಿಗೆ ಎಷ್ಟು ಬಂದಿದೆ ಅಂತ ಎಂಜಿನಿಯರುಗಳು ಅಳೆಯುತ್ತಾರೆ. ಇಷ್ಟು ತಿಳಿದರೆ ‘ಜೆಲ್ಲಿ ಸೆಟ್ ಆಯ್ತು’, ‘ಮೊಸರು ಸೆಟ್ ಆಯ್ತು’ ಎರಡೂ ಗೊತ್ತಾದಂತೆ. ಅಲ್ಲಾಡುತ್ತಿದ್ದದ್ದು ಕೂತಿತು, ಅಷ್ಟೇ. ಹೆಪ್ಪು ಹಾಕಿದ ಪಾತ್ರೆಯನ್ನು ಸುಮ್ಸುಮ್ನೆ ಅಲ್ಲಾಡಿಸಬೇಡ ಅಂತ ನಾವು ಹೇಳುವುದೂ ಅದಕ್ಕೇ ಅಲ್ವಾ?

ಇನ್ನು ಸೆಟ್ ದೋಸೆ. ಇದಕ್ಕೆ ಬೇರೆಯದೇ ಕಥೆ ಇದೆ. ಕೂರಿಸುವುದು ಅಂತ ಇಲ್ಲಿ ಒತ್ತಾಯದಿಂದ ಅರ್ಥ ಮಾಡಬೇಡಿ. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತದ ಎರಡು ‘ಸೆಟ್’ ಸೇರಿಕೊಂಡಿವೆ. ಗುಂಪು, ಜೊತೆ ಅನ್ನುವ ಅರ್ಥದ ‘ಸೆಟ್’ ಬಂದದ್ದು ಹಳೆಯ ಫ್ರೆಂಚಿನಿಂದ, ಅಲ್ಲಿಗೆ ಲ್ಯಾಟಿನ್ನಿನ ‘ಸೆಕ್ಟಾ’ದಿಂದ. ಒಬ್ಬರನ್ನು ಹಿಂಬಾಲಿಸುವವರ ಗುಂಪು ಅಂತ ಅದರ ಮೂಲ ಅರ್ಥ. ಪಂಥ ಅನ್ನುವುದಕ್ಕೆ ಇಂಗ್ಲಿಷಿನವರು ‘ಸೆಕ್ಟ್’ ಅನ್ನುತ್ತಾರಲ್ಲ, ಅದೂ ಅಲ್ಲಿಂದಲೇ ಬಂದದ್ದು. ಕಾಲ ಕಳೆದಂತೆ ಜನ ಎರಡನ್ನೂ ಒಂದೇ ಅಂದುಕೊಂಡರು, ‘ಒಟ್ಟಿಗೆ ಕೂರಿಸಿಟ್ಟದ್ದು’ ಅಂತ ಅರ್ಥ ಬೆರೆಸಿದರು. ಎರಡೋ ಮೂರೋ ಮೆತ್ತನೆಯ ದೋಸೆ ಒಂದರ ಮೇಲೊಂದು ಪೇರಿಸಿ, ಸಾಗು–ಚಟ್ನಿ ಜೊತೆ ತಂದಿಡುತ್ತಾರೆ. ಅದಕ್ಕೇ ಅದು ಸೆಟ್. ಬಳೆ ಸೆಟ್, ಪಾತ್ರೆ ಸೆಟ್, ಟೆನಿಸ್ ಆಟದ ಸೆಟ್ ಎಲ್ಲ ಈ ಸಾಲಿಗೆ ಸೇರಿದವು. ತೋಟದ ಪಂಪ್‌ಸೆಟ್ ಕೂಡ. ಮೋಟಾರು, ಪಂಪು, ಜೊತೆಯ ಸಾಮಾನು ಎಲ್ಲ ಕೂಡಿದರೆ ತಾನೆ ನೀರು ಬರುವುದು? ಟಿವಿ ಸೆಟ್ಟೂ ಹೀಗೇ. ಅದರ ನೆತ್ತಿಯ ಮೇಲೆ ಇಡುತ್ತಿದ್ದ ಪೆಟ್ಟಿಗೆ ಸೆಟ್ ಟಾಪ್ ಬಾಕ್ಸ್. ಈಗಿನ ತೆಳ್ಳನೆಯ ಟಿವಿಯ ಮೇಲೆ ಏನನ್ನೂ ಇಡಲಾಗದು, ಹೆಸರು ಮಾತ್ರ ಉಳಿದಿದೆ.

ಗಣಿತದಲ್ಲಿ ಈ ‘ಸೆಟ್’ಗೆ ನಮ್ಮ ಪಠ್ಯಪುಸ್ತಕ ‘ಗಣ’ ಅನ್ನುತ್ತದೆ. ನನಗೆ ಈ ಪದ ಬಹಳ ಇಷ್ಟ. ಗಣಗಳ ಒಡೆಯ ಗಣಪತಿ. ಅವನನ್ನು ನಾವು ಪ್ರತಿವರ್ಷ ಕೂರಿಸುತ್ತೇವೆ. ಇಂಗ್ಲಿಷಿನ ಎರಡೂ ‘ಸೆಟ್’ ಒಂದೇ ಹಬ್ಬದಲ್ಲಿ ಸಿಕ್ಕಿದವು ನೋಡಿ. ಎರಡಕ್ಕೂ ಇರುವ ವ್ಯತ್ಯಾಸ ನೆನಪಿಡಲು ಮಗಳಿಗೆ ಇದು ಸಾಕು.

‘ಇಂಗ್ಲಿಷಿಗೆ ನೇಮವೇ ಇಲ್ಲವಾ’ ಅಂತ ಕೇಳಿದ್ದೀರಿ. ಒಂದು ಪುಟ್ಟ ಪದದ ಮೇಲೆ ಇಷ್ಟೊಂದು ಕೆಲಸ ಏಕೆ ಬಿತ್ತು ಅನ್ನುವುದಕ್ಕೆ ಕಾರಣವಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅಲ್ಲಿಂದ ಮುಂದೆ ಅರಮನೆ, ಕೋರ್ಟು, ಕಾಗದಪತ್ರಕ್ಕೆಲ್ಲ ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ಪದಗಳು ಬಂದು ಕೂತವು. ಊರಿನ ಜನ ತಮ್ಮ ಹಳೆಯ ಪುಟ್ಟ ಪದಗಳನ್ನು ಬಿಡಲಿಲ್ಲ. ಹೊಸ ಕೆಲಸ ಬಂದಾಗಲೆಲ್ಲ ಅವುಗಳ ಹಿಂದೆ ‘ಅಪ್’, ‘ಔಟ್’, ‘ಇನ್’ ಅಂತ ಒಂದು ಬಾಲ ಸೇರಿಸಿ ದುಡಿಸಿಕೊಂಡರು. ಸರ್ಕಾರಿ ಪತ್ರದಲ್ಲಿ ‘ಎಸ್ಟಾಬ್ಲಿಷ್’ ಅಂದದ್ದನ್ನು ಬೀದಿಯಲ್ಲಿ ‘ಸೆಟ್ ಅಪ್’ ಅಂದರು. ನಮ್ಮಲ್ಲೂ ಇದೇ ನಡೆದಿದೆ. ಆಹ್ವಾನ ಪತ್ರಿಕೆಯಲ್ಲಿ ‘ಗಣೇಶ ಪ್ರತಿಷ್ಠಾಪನೆ’ ಅಂತ ಅಚ್ಚು ಹಾಕಿಸುತ್ತೇವೆ, ಬಾಯಲ್ಲಿ ‘ಗಣಪತಿ ಕೂರ್ಸೋದು’ ಅನ್ನುತ್ತೇವೆ. ಮನೆಮಾತಿನ ಪದಗಳೇ ಹೆಚ್ಚು ಭಾರ ಹೊರುವುದು. ನಮ್ಮ ‘ಹಿಡಿ’ಯನ್ನೇ ನೋಡಿ: ಬಸ್ಸು ಹಿಡಿ, ಹಠ ಹಿಡಿ, ಕಬ್ಬಿಣಕ್ಕೆ ತುಕ್ಕು ಹಿಡಿಯಿತು, ಕೆಲಸಕ್ಕೆ ಎರಡು ದಿನ ಹಿಡಿಯಿತು, ಊರಿಗೆ ಜಡಿಮಳೆ ಹಿಡಿಯಿತು. ಆ ಕೊನೆಯದಕ್ಕೆ ಇಂಗ್ಲಿಷಿನಲ್ಲಿ ‘ಸೆಟ್ ಇನ್’ ಅನ್ನುತ್ತಾರೆ. ಕೇರಳಕ್ಕೆ ಜೂನ್ 1ರ ಹೊತ್ತಿಗೆ ಮುಂಗಾರು ಬಂತು ಅನ್ನುವ ಸುದ್ದಿಯಲ್ಲಿ ಇದನ್ನು ಪ್ರತಿವರ್ಷ ಓದಬಹುದು. ನಿಮ್ಮ ಮಗಳು ‘ಹಿಡಿ’ಯ ಅರ್ಥಗಳನ್ನು ಯಾವ ನಿಘಂಟು ನೋಡಿ ಕಲಿತಳು? ಮಾತಿನೊಳಗೆ ಕೇಳಿ ಕೇಳಿ ಕಲಿತಳು, ಅಲ್ವಾ? ‘ಸೆಟ್’ ಕೂಡ ಹಾಗೇ ಬರಬೇಕು.

ಆದ್ದರಿಂದ ಒಂಟಿ ಪದಕ್ಕೆ ಒಂಟಿ ಅರ್ಥ ಬರೆಸಬೇಡಿ. ಪಕ್ಕದಲ್ಲಿರುವ ಪದದ ಸಮೇತ ಬರೆಸಿ. ‘ಸೆಟ್ ದಿ ಟೇಬಲ್’: ಊಟಕ್ಕೆ ತಟ್ಟೆ ಲೋಟ ಇಡು. ‘ಸೆಟ್ ಎ ಟ್ರ್ಯಾಪ್’: ಬಲೆ ಒಡ್ಡು. ‘ಸೆಟ್ ಫ್ರೀ’: ಬಿಡುಗಡೆ ಮಾಡು. ‘ಸೆಟ್ ಔಟ್’: ಹೊರಡು. ಹೀಗೆ ಹತ್ತು ಹದಿನೈದು ಜೋಡಿ ಗೊತ್ತಿದ್ದರೆ ಎಂಟನೇ ತರಗತಿಗೆ ಧಾರಾಳ. ಬಾಲ ಸೇರಿದ ಜೋಡಿಗಳನ್ನು ಮಾತ್ರ ಹೊಸ ಪದ ಅಂತಲೇ ಕಲಿಯಬೇಕು. ಅಲ್ಲಿ ‘ಕೂರಿಸು’ ಯಾವಾಗಲೂ ಕೈಹಿಡಿಯುವುದಿಲ್ಲ. ‘ಅಪ್‌ಸೆಟ್’ ಪದಕ್ಕೆ ಮೊದಲು ಇದ್ದ ಅರ್ಥ ಎತ್ತಿ ನಿಲ್ಲಿಸುವುದು. ಆಮೇಲೆ ಮಗುಚುವುದು ಅಂತಾಯಿತು, ಅಲ್ಲಿಂದ ಮನಸ್ಸು ಕದಡುವುದಕ್ಕೆ ಬಂತು.

ಪರೀಕ್ಷೆಯಲ್ಲಿ ಮಕ್ಕಳು ಎಡವುವ ಜಾಗ ಇನ್ನೊಂದಿದೆ. ‘ಸೆಟ್’ಗೆ ಭೂತಕಾಲದಲ್ಲೂ ‘ಸೆಟ್’ ಅಂತಲೇ ರೂಪ, ‘ಕಟ್’, ‘ಪುಟ್’, ‘ಹಿಟ್’ ಇದ್ದ ಹಾಗೆ. ‘ಸೆಟೆಡ್’ ಇಲ್ಲ. ‘ಶಿ ಸೆಟ್ಸ್ ದಿ ಅಲಾರಂ’ ಅಂದರೆ ಅವಳು ದಿನಾ ಇಡುತ್ತಾಳೆ. ಕೊನೆಯ ‘ಸ್’ ಬಿಟ್ಟು ‘ಶಿ ಸೆಟ್’ ಅಂದರೆ ಇಟ್ಟಳು.

ಕೊನೆಗೆ ‘ಸೆಟ್ ಆಗಲ್ಲ’. ಕನ್ನಡದಲ್ಲಿ ಮಾತಾಡುವಾಗ ಅಂದುಕೊಳ್ಳಲಿ, ಬಿಡಿಸಲು ಹೋಗಬೇಡಿ. ‘ಈ ಬಣ್ಣ ನಂಗೆ ಸೆಟ್ ಆಗಲ್ಲ’, ‘ಅವರಿಬ್ಬರಿಗೂ ಸೆಟ್ ಆಗಲ್ಲ’ ಎಂಬ ಮಾತು ಈಗ ಕರ್ನಾಟಕದ ಹುಡುಗ ಹುಡುಗಿಯರ ಸ್ವಂತ ಮಾತು, ನಾವೇ ಮಾಡಿಕೊಂಡ ಅರ್ಥ. ಆದರೆ ಅದನ್ನೇ ಇಂಗ್ಲಿಷ್ ಉತ್ತರದಲ್ಲಿ ಬರೆದರೆ ಅಂಕ ಹೋಗುತ್ತದೆ. ಬಣ್ಣ ಒಪ್ಪದಿದ್ದರೆ ಇಂಗ್ಲಿಷಿನವರು ‘ಸೂಟ್’ ಬಳಸುತ್ತಾರೆ, ಇಬ್ಬರಿಗೆ ಹೊಂದಾಣಿಕೆ ಆಗದಿದ್ದರೆ ‘ಗೆಟ್ ಆನ್’ ಅಥವಾ ‘ಗೆಟ್ ಅಲಾಂಗ್’ ಬಳಸುತ್ತಾರೆ. ಇದೊಂದನ್ನು ಪರೀಕ್ಷೆಗೆ ಮುಂಚೆಯೇ ಅವಳಿಗೆ ಹೇಳಿಬಿಡಿ.

— ಸಂಪಾದಕ