ಸಂಪಾದಕರ ಉತ್ತರ: ಬೇಲಿಯ ಮೇಲೆ ಇಳಿದ ವಿಮಾನ

ಮಾನ್ಯರೇ, ನಮಸ್ಕಾರ.

ರಾಣೆಬೆನ್ನೂರಿನ ಕಡೆಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ಬಂದು ಎರಡು ವಾರವಾಯಿತು. ತಡವಾದದ್ದಕ್ಕೆ ಕ್ಷಮೆ ಇರಲಿ. 'ರೈಟ್ ಸಹೋದರರಿಗಿಂತ ಮೊದಲೇ ಹಾರಿದ ರೈತ' ಎಂಬ ತಲೆಬರಹದಲ್ಲಿ ನ್ಯೂಜಿಲೆಂಡಿನ ರಿಚರ್ಡ್ ಪಿಯರ್ಸ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಅರ್ಧ ಪುಟ ಬರೆದಿದ್ದೆವು. ಅದು ನಿಜವಾದರೆ ಶಾಲೆಯ ಪುಸ್ತಕದಲ್ಲಿ ಯಾಕಿಲ್ಲ ಎಂದು ಕೇಳಿದ್ದೀರಿ. ಕೊಟ್ಟಿಗೆಯ ಪಕ್ಕ ಹಾರುವ ಯಂತ್ರ ಕಟ್ಟುತ್ತ ಕೂತಿರುವ ಕಿರಿಯ ಮಗನಿಗೆ ಇದನ್ನು ಓದಲು ಕೊಡಬಹುದೋ, ಕೊಟ್ಟರೆ ಹುಚ್ಚು ಇನ್ನೂ ಏರುತ್ತದೋ ಎಂದೂ ಕೇಳಿದ್ದೀರಿ.

ತಲೆಬರಹ ತಪ್ಪು. ಅದನ್ನು ಕೊಟ್ಟವನು ನಾನೇ.

ಪಿಯರ್ಸ್ 1903ರ ಮಾರ್ಚ್ 31ರಂದು ಹಾರಿದ ಎಂಬ ಮಾತು ಇರುವುದು ನಿಜ. ಟೆಮುಕಾ ಪಟ್ಟಣದ ಹತ್ತಿರದ ವೈಟೋಹಿಯಲ್ಲಿ ಅವನ ಯಂತ್ರ ರಸ್ತೆಯಿಂದ ಮೇಲೆದ್ದು, ಸ್ವಲ್ಪ ದೂರ ಹೋಗಿ, ಅವನದೇ ಹೊಲದ ಎತ್ತರದ ಮುಳ್ಳುಬೇಲಿಯ ಮೇಲೆ ಕೂತಿತಂತೆ. ಕಂಡವರು ಇದ್ದರು. ಆದರೆ ಅವರ ಮಾತು ದಾಖಲಾದದ್ದು ಸುಮಾರು ಅರ್ಧ ಶತಮಾನದ ಮೇಲೆ. ಎಷ್ಟು ದೂರ, ಯಾವ ವರ್ಷ ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಸ್ವತಃ ಪಿಯರ್ಸ್ ತಾನು ಕೆಲಸಕ್ಕೆ ಕೈ ಹಾಕಿದ್ದೇ 1904ರಲ್ಲಿ ಎಂದು ಹೇಳಿಕೊಂಡಿದ್ದಾನೆ. ರೈಟ್ ಸಹೋದರರು ಅಮೆರಿಕದ ಕಿಟ್ಟಿ ಹಾಕ್ ಎಂಬಲ್ಲಿ ಹಾರಿದ್ದು 1903ರ ಡಿಸೆಂಬರ್ 17ರಂದು. 1915ರಲ್ಲಿ ಪಿಯರ್ಸ್ ಪತ್ರಿಕೆಯೊಂದಕ್ಕೆ ಕಾಗದ ಬರೆದು, ಎಂಜಿನ್ ಇರುವ ವಿಮಾನವನ್ನು ಮೊದಲು ಯಶಸ್ವಿಯಾಗಿ ಹಾರಿಸಿದವರು ಅಮೆರಿಕದ ರೈಟ್ ಸಹೋದರರೇ, ಇತಿಹಾಸ ಅವರಿಗೇ ಮೊದಲ ಸ್ಥಾನ ಕೊಡುತ್ತದೆ ಎಂದ. ತನಗೆ ಬೇಡವೆಂದು ಅವನೇ ಬಿಟ್ಟುಕೊಟ್ಟದ್ದನ್ನು ನಾವು ಅವನ ತಲೆಗೆ ಕಟ್ಟಿದೆವು. ನನಗೆ ನಾಚಿಕೆಯಾದದ್ದು ಅಲ್ಲಿ.

ಇನ್ನು ನಿಮ್ಮ ಮಗನ ವಿಷಯ. ದೊಡ್ಡವನನ್ನು ಓದಿಸುವಷ್ಟರಲ್ಲಿ ಕೈ ಬರಿದಾಯಿತು, ಚಿಕ್ಕವನಿಗೆ ಡಿಪ್ಲೊಮಾನೂ ಕೊಡಿಸಲಾಗಲಿಲ್ಲ ಎಂದು ಬರೆದಿದ್ದೀರಲ್ಲ, ಆ ಸಾಲು ಓದಿ ಪತ್ರ ಕೆಳಗಿಟ್ಟೆ. ಪಿಯರ್ಸ್‌ಗೂ ಎಂಜಿನಿಯರಿಂಗ್ ಓದುವ ಆಸೆ ಇತ್ತು. ಅಣ್ಣನನ್ನು ವೈದ್ಯಕೀಯ ಓದಲು ಎಡಿನ್‌ಬರೋಗೆ ಕಳಿಸಿದ್ದ ಮನೆಯವರ ಹತ್ತಿರ ಇವನಿಗೆ ದುಡ್ಡು ಉಳಿದಿರಲಿಲ್ಲ. ಇಪ್ಪತ್ತೊಂದು ತುಂಬಿದಾಗ ನೂರು ಎಕರೆ ಜಮೀನು ಕೊಟ್ಟರು. ಆ ಜಮೀನಿನಲ್ಲಿ ಅವನು ಎಬ್ಬಿಸಿದ್ದು ಒಂದು ಕಾರ್ಯಾಗಾರ. ಕುಲುಮೆಯೂ ಲೇತೂ ಅವನದೇ ಕೈಕೆಲಸ. ಎರಡು ಸಿಲಿಂಡರಿನ ಎಂಜಿನ್ ತಾನೇ ಮಾಡಿದ. ಬಿದಿರು, ಉಕ್ಕಿನ ಕೊಳವೆ, ತಂತಿ, ಕ್ಯಾನ್ವಾಸ್ ಬಟ್ಟೆ ಸೇರಿ ರೆಕ್ಕೆಯಾಯಿತು. ಕೆಳಗೆ ಮೂರು ಚಕ್ರ. ಬಿದಿರಿನಿಂದಾಗಿ ಊರವರು 'ಬಿದಿರು ಡಿಕ್' ಎಂದರು, 'ಹುಚ್ಚ ಪಿಯರ್ಸ್' ಎಂದೂ ಕರೆದರು. 'ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ' ಎಂದು ನಿಮ್ಮ ಮಗನಿಗೆ ಅಂದಿದ್ದಾರಲ್ಲ, ಆ ಮಾತು ಎಲ್ಲ ದೇಶದ ಹಳ್ಳಿಗಳಲ್ಲೂ ಇದೆ.

1906ರಲ್ಲಿ ಆ ಯಂತ್ರಕ್ಕೆ ಪೇಟೆಂಟ್ ಕೇಳಿ ಅರ್ಜಿ ಹಾಕಿದ. ಅದರಲ್ಲಿ ಒಂದೇ ಅಂತಸ್ತಿನ ರೆಕ್ಕೆ, ಮುಂದೆ ಎಂಜಿನ್, ವಾಲಾಟ ತಡೆಯಲು ರೆಕ್ಕೆಯಲ್ಲಿ ಆಡುವ ಫಲಕಗಳು ಇವೆ. ರೈಟ್ ಸಹೋದರರದು ಎರಡಂತಸ್ತಿನ ರೆಕ್ಕೆ. ವಾಲಿದಾಗ ಅವರು ಇಡೀ ರೆಕ್ಕೆಯನ್ನೇ ತಿರುಚುತ್ತಿದ್ದರು. ಮುಂದೆ ಜಗತ್ತಿನ ವಿಮಾನಗಳು ಹಿಡಿದದ್ದು ಆಡುವ ಫಲಕದ ದಾರಿಯನ್ನೇ. ಯಾರ ಪಾಠವೂ ಇಲ್ಲದ ರೈತನೊಬ್ಬ ಅಲ್ಲಿಗೆ ತಾನಾಗಿ ಮುಟ್ಟಿದ್ದ. ನನ್ನ ಮಟ್ಟಿಗೆ ಮಾರ್ಚ್ ಮೊದಲೋ ಡಿಸೆಂಬರ್ ಮೊದಲೋ ಎಂಬ ಜಗಳಕ್ಕಿಂತ ಇದು ದೊಡ್ಡದು. ತಲೆಬರಹ ಆಗಬೇಕಿದ್ದದ್ದೂ ಇದೇ.

ಮಗನಿಗೆ ಓದಲು ಕೊಡಿ. ಆದರೆ ಪೂರ್ತಿ ಕಥೆ ಕೊಡಿ. ನಾವು ಮುಚ್ಚಿಟ್ಟ ಭಾಗವೂ ಇದೆ. ಪಿಯರ್ಸ್ ಒಂಟಿಯಾಗಿ ದುಡಿದ, ಒಂಟಿಯಾಗಿಯೇ ಉಳಿದ. ಕೊನೆಗೆ ಕ್ರೈಸ್ಟ್‌ಚರ್ಚ್ ನಗರದಲ್ಲಿ, ನಿಂತಲ್ಲಿಂದಲೇ ಮೇಲೇಳುವಂತೆ ಎಂಜಿನ್ ಮೇಲ್ಮುಖ ತಿರುಗುವ, ರೆಕ್ಕೆ ಮಡಚಿ ಇಡಬಹುದಾದ ಇನ್ನೊಂದು ವಿಮಾನ ಕಟ್ಟುತ್ತ ವರ್ಷಗಟ್ಟಲೆ ಕಳೆದ. ತನ್ನ ಯಂತ್ರ ಕದಿಯಲು ಯಾರೋ ಹೊಂಚು ಹಾಕಿದ್ದಾರೆ ಎಂಬ ಭಯ ಹತ್ತಿತು. 1951ರಲ್ಲಿ ಮಾನಸಿಕ ಆಸ್ಪತ್ರೆ ಸೇರಿದ, 1953ರಲ್ಲಿ ಅಲ್ಲೇ ತೀರಿಕೊಂಡ. ಆ ಯಂತ್ರವನ್ನು ಕಸವಾಗದಂತೆ ಉಳಿಸಿದವನು ಜಾರ್ಜ್ ಬೋಲ್ಟ್ ಎಂಬ ವಿಮಾನ ಚಾಲಕ. ಮೊದಲ ವಿಮಾನದ ಅವಶೇಷಗಳನ್ನು ಹುಡುಕಿ ತೆಗೆಸಿದವನೂ ಅವನೇ. ಈಗ ಅವು ಆಕ್ಲೆಂಡಿನ ಸಂಗ್ರಹಾಲಯದಲ್ಲಿವೆ. ತಿಮರು ಪಟ್ಟಣದ ವಿಮಾನ ನಿಲ್ದಾಣಕ್ಕೆ ಇಂದು ಪಿಯರ್ಸ್ ಹೆಸರಿದೆ, ಬದುಕಿದ್ದಾಗ ಅವನ ಮಾತಿಗೆ ಕೂತು ಕೇಳುವವರು ಇರಲಿಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ, ಹುಡುಗನನ್ನು ಒಂಟಿ ಬಿಡಬೇಡಿ. ಸಂಜೆ ಹಾಲು ಕರೆದಾದ ಮೇಲೆ ಹತ್ತು ನಿಮಿಷ ಕೊಟ್ಟಿಗೆಯ ಪಕ್ಕ ನಿಂತು, ಇದು ಯಾಕೆ ಹೀಗೆ ಎಂದು ಕೇಳಿ. ಅರ್ಥವಾಗದಿದ್ದರೂ ಪರವಾಗಿಲ್ಲ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿನ ಎಚ್‌ಎಎಲ್ ವಿಮಾನ ಸಂಗ್ರಹಾಲಯಕ್ಕೆ ಕರೆದುಕೊಂಡು ಬನ್ನಿ, ನಾನೂ ಜೊತೆಗೆ ಬರುತ್ತೇನೆ. ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಮನುಷ್ಯ ಕೂತು ಹಾರುವ ಯಂತ್ರಕ್ಕೆ ನಮ್ಮಲ್ಲಿ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ನಿಯಮಗಳಿವೆ. ತಿಳಿದವರು ಪರೀಕ್ಷಿಸಿ ಒಪ್ಪುವವರೆಗೆ ಅವನು ಅದರ ಮೇಲೆ ಕೂರಬಾರದು. ಕೂರುವುದಿಲ್ಲ ಎಂದು ಅವನ ಬಾಯಲ್ಲೇ ಮಾತು ತೆಗೆದುಕೊಳ್ಳಿ.

ಎಂಜಿನ್ ಯಾವುದು, ಹಳೆಯ ಬೈಕಿನದೋ, ಪಂಪ್‌ಸೆಟ್ಟಿನದೋ ಎಂದು ನೀವು ಬರೆದಿಲ್ಲ. ಮುಂದಿನ ಪತ್ರ ಅವನೇ ಬರೆಯಲಿ. ಜೊತೆಗೆ ಒಂದು ಚಿತ್ರವನ್ನೂ ಬಿಡಿಸಿ ಕಳಿಸಲಿ, ಅಳತೆ ಹಾಕಿ.

ವಿಶ್ವಾಸದಿಂದ,
ಸಂಪಾದಕ